ಯಾವುದಕ್ಕೆ ಗಟ್ಟಿ?

ತುಮಕೂರಿನ ಕೋರ ಹೋಬಳಿಯ ಕಡೆ ಬೋರಿಗೆ ಕ್ಯಾಮೆರಾ ಇಳಿಸುವ ದಿನ ತೋಟದಲ್ಲಿ ಸಣ್ಣ ಜಾತ್ರೆಯೇ ಸೇರುತ್ತದೆ. ಬದುವಿನ ಮೇಲೆ ಜೀಪು, ಜೀಪಿನ ಹಿಂದೆ ರಾಟೆ, ರಾಟೆಯ ಕೇಬಲ್ಲಿನ ತುದಿಗೆ ಮೊಳದುದ್ದದ ಸ್ಟೀಲ್ ಕೊಳವೆ. ಕೊಳವೆಯ ಮೂತಿಯಲ್ಲಿ ಒಂದು ಗಾಜಿನ ಬಿಲ್ಲೆ, ಅದರ ಹಿಂದೆ ಕ್ಯಾಮೆರಾ, ಸುತ್ತ ಪುಟ್ಟ ಎಲ್‌ಇಡಿ ದೀಪಗಳು. ಬಿಸಿಲು ಬೀಳದಂತೆ ಟೀವಿಯ ಮೇಲೆ ಟವೆಲ್ ಹೊದಿಸಿ ಎಲ್ಲರೂ ತಲೆ ತೂರಿಸುತ್ತಾರೆ. ಕೇಸಿಂಗ್ ಮುಗಿಯುತ್ತದೆ, ಬಂಡೆ ಶುರುವಾಗುತ್ತದೆ, ನೀರಿನ ಮಟ್ಟ ಫಳಕ್ಕೆಂದು ದಾಟುತ್ತದೆ, ಆಮೇಲೆ ಕೆಸರುಗಣ್ಣಿನ ಕತ್ತಲೆ. ಮೋಟ್ರು ಎಲ್ಲಿ ಸಿಕ್ಕಿಕೊಂಡಿದೆ, ಕಲ್ಲು ಎಲ್ಲಿ ಜರಿದಿದೆ ಅನ್ನುವುದು ಆ ಬಿಲ್ಲೆಯ ಮೂಲಕವೇ ಗೊತ್ತಾಗಬೇಕು.

‘ಅಷ್ಟು ಆಳದಲ್ಲಿ ಈ ಗಾಜು ಒಡೆಯಲ್ವೇನಪ್ಪಾ?’ ಅಂತ ಕೇಳಿದೆ.

‘ಒಡ್ದಿಲ್ಲ ಸಾ. ಮಂಜಾಗ್ತದೆ. ಗೀರು ಬಿದ್ದು ಬಿದ್ದು ಏನೂ ಕಾಣಲ್ಲ. ಆಗ ಬದ್ಲಾಯ್ಸದು’ ಎಂದ ಕ್ಯಾಮೆರಾದವನು, ಕೇಬಲ್ ಬಿಡುತ್ತಲೇ.

ಬೆಳಕು ದಾಟಿಸುವ ಗಾಜುಗಳ ಬಲಾಬಲದ ಬಗ್ಗೆ ನಾನು ಆಮೇಲೆ ಓದಿದ್ದೆಲ್ಲ ಈ ಎರಡು ಮಾತಿನ ಸುತ್ತಲೇ ತಿರುಗಿತು. ಯಾವ ಗಾಜು ಗಟ್ಟಿ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನೀರಿನ ಒತ್ತಡಕ್ಕೆ ಗಟ್ಟಿಯಾದದ್ದು ಮರಳಿಗೆ ಸೋಲುತ್ತದೆ. ಮರಳಿಗೆ ಜಗ್ಗದ್ದು ಸುತ್ತಿಗೆಯ ಒಂದೇ ಪೆಟ್ಟಿಗೆ ಹೋಗುತ್ತದೆ. ಪೆಟ್ಟು ತಡೆಯುವುದಕ್ಕೆ ಒರೆಸುವ ಬಟ್ಟೆಯ ಮೇಲಿನ ಧೂಳೇ ಶತ್ರು. ನಮ್ಮ ಭಾಷೆಯಲ್ಲಿ ಇದಕ್ಕೆಲ್ಲ ಬೇರೆ ಬೇರೆ ಮಾತುಗಳಿವೆ. ಗೀಚಿದರೆ ಗೀರು ಬೀಳದಿರುವುದು ಗಡಸು. ಭಾರಕ್ಕೆ ಮುರಿಯದಿರುವುದು ಗಟ್ಟಿ. ಬಾಗದೆ ಪಟ್ಟೆಂದು ಒಡೆಯುವುದು ಪೆಡಸು. ವರ್ಷಗಟ್ಟಲೆ ಹಾಗೇ ಉಳಿಯುವುದು ಬಾಳಿಕೆ. ಅಂಗಡಿಯಲ್ಲಿ ಮಾತ್ರ ಎಲ್ಲವೂ ‘ಸ್ಟ್ರಾಂಗ್’.

ಮೊದಲು ಒತ್ತಡದ ಲೆಕ್ಕ. ಅದು ಸುಲಭದ್ದು. ನೂರು ಮೀಟರ್ ನೀರಿನ ಕಂಬ ಸುಮಾರು ಒಂದು ಮೆಗಾಪಾಸ್ಕಲ್ ಒತ್ತಡ ಹಾಕುತ್ತದೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ. ಕ್ಯಾಮೆರಾ ನೀರಿನೊಳಗೆ 200 ಮೀಟರ್, ನಮ್ಮ ಮಾತಿನಲ್ಲಿ 650 ಅಡಿ ಇಳಿಯಿತೆನ್ನಿ. ಒತ್ತಡ 2 ಮೆಗಾಪಾಸ್ಕಲ್. ಬಿಲ್ಲೆಯ ತೆರೆದ ಭಾಗ 40 ಮಿಲಿಮೀಟರ್ ಅಗಲವಿದ್ದರೆ ಅದರ ಮೇಲೆ ಕೂರುವ ಭಾರ 250 ಕಿಲೋಗೂ ಮೇಲೆ. ಎರಡೂವರೆ ಕ್ವಿಂಟಾಲ್ ರಾಗಿ ಆ ಪುಟ್ಟ ಬಿಲ್ಲೆಯ ಮೇಲೆ.

ಇದನ್ನು ಎಷ್ಟು ದಪ್ಪದ ಗಾಜು ತಡೆದೀತು? ಪುಸ್ತಕದ ಕೋಷ್ಟಕಗಳಲ್ಲಿ ಪ್ರತಿ ವಸ್ತುವಿಗೂ ಬಾಗಿದಾಗ ಮುರಿಯುವ ಮಿತಿ ಕೊಟ್ಟಿರುತ್ತಾರೆ. ಶುದ್ಧ ಸಿಲಿಕಾ ಗಾಜಿಗೆ ಸುಮಾರು 50 ಮೆಗಾಪಾಸ್ಕಲ್, ಲೆನ್ಸುಗಳಿಗೆ ಬಳಸುವ ಬಿಕೆ-7 ಗಾಜಿಗೆ 60ರ ಆಸುಪಾಸು, ಕ್ಯಾಲ್ಸಿಯಂ ಫ್ಲೋರೈಡ್ ಹರಳಿಗೆ 35ರಷ್ಟು, ಜರ್ಮೇನಿಯಂಗೆ 90ರಷ್ಟು. ಸಫೈರ್ ಮಾತ್ರ 300ರ ಮೇಲೆ ಕುಳಿತಿರುತ್ತದೆ. ಇದು ಉಂಗುರದ ನೀಲದ ಜಾತಿಯದೇ, ಬಣ್ಣವಿಲ್ಲದ್ದು. ಸಾಣೆ ಹಿಡಿಯುವ ಕುರುಂದದ ಕಲ್ಲೂ ಇದರ ಬಂಧುವೇ. ಒತ್ತಡಕ್ಕೆ ನಾಲ್ಕು ಪಟ್ಟು ಸುರಕ್ಷೆ ಇಟ್ಟು ಲೆಕ್ಕ ಹಾಕಿದರೆ ನಮ್ಮ ಬೋರಿನ ಬಿಲ್ಲೆಗೆ ಸಿಲಿಕಾ ಗಾಜಾದರೆ 9 ಮಿಲಿಮೀಟರ್ ದಪ್ಪ ಬೇಕು, ಸಫೈರ್ ಆದರೆ ಮೂರೂವರೆ ಸಾಕು. ಅಕ್ರಿಲಿಕ್ ಪ್ಲಾಸ್ಟಿಕ್ಕಿಗೆ ಕಾಗದದ ಮೇಲೆ ಏಳೂವರೆ ಬರುತ್ತದೆ. ಆದರೆ ಪ್ಲಾಸ್ಟಿಕ್ ಹೊತ್ತ ಭಾರಕ್ಕೆ ನಿಧಾನವಾಗಿ ಜಗ್ಗುತ್ತ ಹೋಗುವುದರಿಂದ ಬಲ್ಲವರು ಅದಕ್ಕೆ ಇನ್ನಷ್ಟು ದಪ್ಪ ಕೊಡುತ್ತಾರೆ.

ಈ ಲೆಕ್ಕದೊಳಗೆ ಒಂದು ಸ್ವಾರಸ್ಯವಿದೆ. ಆಳ ಎರಡು ಪಟ್ಟಾದರೆ ದಪ್ಪ ಎರಡು ಪಟ್ಟಾಗಬೇಕಿಲ್ಲ, 1.4 ಪಟ್ಟು ಸಾಕು. ಬಿಲ್ಲೆಯ ಅಗಲ ಎರಡು ಪಟ್ಟಾದರೆ ದಪ್ಪವೂ ಎರಡು ಪಟ್ಟಾಗಲೇಬೇಕು. ಅಂದರೆ ಕಿಟಕಿಯನ್ನು ಚಿಕ್ಕದು ಮಾಡುವುದು ದುಬಾರಿ ಗಾಜು ಕೊಳ್ಳುವುದಕ್ಕಿಂತ ಜಾಣತನ. ಬೋರಿನ ಕ್ಯಾಮೆರಾ ಇಣುಕುಕಿಂಡಿಯಂತೆ ಇರುವುದು ಇದಕ್ಕೇ. ಅಂಚನ್ನು ಬಿಗಿಯಾಗಿ ಹಿಡಿದರೆ ಇನ್ನೂ ತೆಳ್ಳಗಿದ್ದರೂ ನಡೆಯುತ್ತದೆ ಎಂದು ಸೂತ್ರ ಹೇಳುತ್ತದೆ. ನಂಬಬೇಡಿ. ಗಾಜನ್ನು ಸ್ಟೀಲಿನ ಚೌಕಟ್ಟಿಗೆ ನೇರ ಒತ್ತಿ ಸ್ಕ್ರೂ ಬಿಗಿದರೆ ಒಂದು ಕಡೆಯ ಸಣ್ಣ ಉಬ್ಬೇ ಅದನ್ನು ಸೀಳಿಬಿಡುತ್ತದೆ, ನೀರಿಗೆ ಇಳಿಯುವ ಮೊದಲೇ. ರಬ್ಬರ್ ರಿಂಗಿನ ಮೇಲೆ ಕೂತ ಗಾಜಿಗೆ ಆ ಭಯ ಕಡಿಮೆ.

ಇಲ್ಲಿಯವರೆಗೆ ಸಫೈರ್ ಗೆದ್ದ ಹಾಗೆ ಕಾಣುತ್ತದೆ. ಆದರೆ ಕೋಷ್ಟಕದ ಅಂಕಿ ಯಾವ ಗಾಜಿನದು? ಪ್ರಯೋಗಾಲಯದಲ್ಲಿ ಒಂದು ಬಗೆಯಲ್ಲಿ ಹೊಳಪು ಕೊಟ್ಟ ತುಂಡಿನದು. ಕಬ್ಬಿಣಕ್ಕೆ ಇರುವ ಹಾಗೆ ಗಾಜಿಗೆ ನಿಗದಿಯಾದ ಬಲ ಎಂಬುದೇ ಇಲ್ಲ. ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನಾ ಕೇಂದ್ರದಲ್ಲಿದ್ದ ಎ. ಎ. ಗ್ರಿಫಿತ್ ಇದನ್ನು 1921ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತೋರಿಸಿಕೊಟ್ಟ. ಗಾಜನ್ನು ಕಾಯಿಸಿ ಎಳೆ ಎಳೆದ. ಎಳೆ ತೆಳ್ಳಗಾದಷ್ಟೂ ಅದರ ಬಲ ಹೆಚ್ಚುತ್ತ ಹೋಯಿತು. ಗಾಜಿನ ಅಣುಗಳ ಬಂಧ ಬಹಳ ಬಲವಾದದ್ದೇ; ಮೇಲ್ಮೈಯ ಕಣ್ಣಿಗೆ ಕಾಣದ ಸೀಳುಗಳು ಅದನ್ನು ಕೆಡಿಸುತ್ತವೆ. ಸೀಳಿನ ಮೊನೆಯಲ್ಲಿ ಒತ್ತಡ ಮಡುಗಟ್ಟಿ ನಿಲ್ಲುತ್ತದೆ. ಕಬ್ಬಿಣವಾದರೆ ಅಲ್ಲಿ ಒಂದಿಷ್ಟು ಜಗ್ಗಿ ಮೊನೆಯನ್ನು ಮೊಂಡು ಮಾಡಿಕೊಳ್ಳುತ್ತದೆ. ಗಾಜಿಗೆ ಜಗ್ಗುವುದು ಗೊತ್ತಿಲ್ಲ.

ಗ್ರಿಫಿತ್‌ನ ದಾರಿಯಲ್ಲಿ ಲೆಕ್ಕ ಮಾಡಿದರೆ, ತಲೆಗೂದಲಿನ ದಪ್ಪಕ್ಕಿಂತ ತುಸು ಕಡಿಮೆ, 50 ಮೈಕ್ರಾನ್ ಆಳದ ಒಂದು ಸೀಳು ಸಿಲಿಕಾ ಗಾಜಿನ ಬಲವನ್ನು 50 ಮೆಗಾಪಾಸ್ಕಲ್‌ನ ಆಸುಪಾಸಿಗೆ ಇಳಿಸುತ್ತದೆ. ಕೋಷ್ಟಕದಲ್ಲಿ ಬರೆದಿರುವುದೂ ಹೆಚ್ಚುಕಡಿಮೆ ಅಷ್ಟೇ! ಗಾಜಿನ ಬಲ ಎಂದು ನಾವು ಓದುತ್ತಿರುವುದು ಅದರ ಮೈಮೇಲಿನ ಗೀರಿನ ಅಳತೆಯನ್ನು. ಗೀರು ನಾಲ್ಕು ಪಟ್ಟು ಆಳವಾದರೆ ಬಲ ಅರ್ಧ. ಒಂದೇ ಕಾರ್ಖಾನೆಯ, ಒಂದೇ ಪೆಟ್ಟಿಗೆಯ ಹತ್ತು ಬಿಲ್ಲೆಗಳನ್ನು ಮುರಿದು ನೋಡಿದರೆ ಹತ್ತು ಉತ್ತರ ಬರುವುದೂ ಇದಕ್ಕೇ. ಸೇದುವ ಹಗ್ಗ ಹರಿಯುವುದು ಸವೆದ ಕಡೆಯಲ್ಲೇ ತಾನೆ. ದೊಡ್ಡ ಗಾಜಿನಲ್ಲಿ ಅಂಥ ಜಾಗ ಸಿಗುವ ಸಂಭವ ಜಾಸ್ತಿ, ಆದ್ದರಿಂದ ದೊಡ್ಡದು ಸಣ್ಣದಕ್ಕಿಂತ ದುರ್ಬಲ. ಸಾಲದೆಂಬಂತೆ ನೀರು ಬೇರೆ. ತೇವ ಸೀಳಿನ ಮೊನೆಗೆ ಇಳಿದು ಸಿಲಿಕಾದ ಬಂಧಗಳನ್ನು ಒಂದೊಂದಾಗಿ ಬಿಡಿಸುತ್ತ ಹೋಗುತ್ತದೆ. ಕ್ಷಣಕಾಲ ಹೊತ್ತ ಭಾರವನ್ನು ಅದೇ ಗಾಜು ತಿಂಗಳುಗಟ್ಟಲೆ ಹೊರಲಾರದು.

ಪೆಟ್ಟಿನ ವಿಷಯದಲ್ಲಿ ನಮ್ಮವರೇ ಒಬ್ಬರು ಬಹಳ ಹಿಂದೆ ಕಣ್ಣು ಹಾಯಿಸಿದ್ದರು. ಮುಂದೆ ಬೆಂಗಳೂರನ್ನು ಮನೆ ಮಾಡಿಕೊಂಡ ಸಿ. ವಿ. ರಾಮನ್, ಕಲ್ಕತ್ತದಲ್ಲಿದ್ದಾಗ, 1919ರಲ್ಲಿ ‘ನೇಚರ್’ ಪತ್ರಿಕೆಗೆ ಒಂದು ಸಣ್ಣ ಟಿಪ್ಪಣಿ ಬರೆದರು. ಉಕ್ಕಿನ ಗುಂಡನ್ನು ದಪ್ಪ ಗಾಜಿನ ಮೇಲೆ ಬೀಳಿಸಿದರೆ ತಾಗಿದ ಜಾಗದ ಸುತ್ತ ಬಿರುಕು ಎದ್ದು, ಒಳಗೆ ಶಂಕುವಿನ ಆಕಾರದಲ್ಲಿ ಹರಡುವುದನ್ನು ಕುರಿತ ಟಿಪ್ಪಣಿ ಅದು. ತುಮಕೂರು–ಕುಣಿಗಲ್ ರಸ್ತೆಯಲ್ಲಿ ಜಲ್ಲಿ ತುಂಬಿದ ಟಿಪ್ಪರಿನ ಹಿಂದೆ ಹೋದವರ ಕಾರಿನ ಗಾಜಿನಲ್ಲಿ ಆ ಶಂಕುವನ್ನು ಯಾರು ಬೇಕಾದರೂ ನೋಡಬಹುದು. ಹೊರಗೆ ಎಳ್ಳಿನಷ್ಟು ಗುಳಿ, ಒಳಗೆ ಚಂದ್ರನ ಸುತ್ತಲಿನ ಪರಿವೇಷದಂಥ ವೃತ್ತ.

ಕಾರಿನ ಮುಂದಿನ ಗಾಜು ಅಲ್ಲಿಗೇ ನಿಲ್ಲುತ್ತದೆ, ಪುಡಿಯಾಗುವುದಿಲ್ಲ. ಎರಡು ಗಾಜಿನ ನಡುವೆ ಅಂಟುಹಾಳೆ ಇಟ್ಟು ಒಂದು ಮಾಡಿದ ಲ್ಯಾಮಿನೇಟೆಡ್ ಗಾಜು ಅದು. ಮುಂದಿನ ಗಾಜು ಹಾಗೇ ಇರಬೇಕೆಂದು ನಮ್ಮ ಮೋಟಾರು ವಾಹನ ನಿಯಮವೇ ಹೇಳುತ್ತದೆ. ಪಕ್ಕದ ಕಿಟಕಿಯದು ಸಾಮಾನ್ಯವಾಗಿ ಟೆಂಪರ್ಡ್. ಗಾಜನ್ನು ಚೆನ್ನಾಗಿ ಕಾಯಿಸಿ ಗಾಳಿಯಿಂದ ತಟ್ಟನೆ ಆರಿಸಿದರೆ ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಗಿನದು ಆಮೇಲೆ ಆರಿ ಕುಗ್ಗುವಾಗ ಹೊರಮೈಯನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿಯುತ್ತದೆ. ಸೀಳು ಬಾಯಿ ತೆರೆಯಬೇಕಾದರೆ ಮೊದಲು ಆ ಹಿಡಿತವನ್ನು ಗೆಲ್ಲಬೇಕು. ಪೂರ್ಣ ಟೆಂಪರ್ ಆದ ಗಾಜಿನಲ್ಲಿ ಆ ಹಿಡಿತ ಕನಿಷ್ಠ 69 ಮೆಗಾಪಾಸ್ಕಲ್ ಇರಬೇಕೆಂಬುದು ಅಮೆರಿಕದ ಮಾನದಂಡ. ಸೀಳು ಆ ಪದರವನ್ನು ದಾಟಿ ಒಳಗೆ ಹೋಯಿತೋ, ಇಡೀ ಗಾಜು ಕಲ್ಲುಸಕ್ಕರೆ.

ಮೊಬೈಲಿನ ಗಾಜಿನಲ್ಲಿ ಇದೇ ತಂತ್ರ ಬೇರೆ ವೇಷದಲ್ಲಿದೆ. ಪೊಟ್ಯಾಶಿಯಂ ಉಪ್ಪಿನ ಬಿಸಿ ದ್ರವದಲ್ಲಿ ಗಾಜನ್ನು ಅದ್ದಿಟ್ಟರೆ ಮೇಲ್ಮೈಯ ಸೋಡಿಯಂ ಹೊರಬಂದು ಅದರ ಜಾಗಕ್ಕೆ ದಪ್ಪನೆಯ ಪೊಟ್ಯಾಶಿಯಂ ತೂರಿಕೊಳ್ಳುತ್ತದೆ. ಮೂವರ ಸೀಟಿನಲ್ಲಿ ನಾಲ್ವರು ಕೂತ ಖಾಸಗಿ ಬಸ್ಸಿನಂತೆ ಮೇಲ್ಮೈ ಇರುಕಿಕೊಳ್ಳುತ್ತದೆ. ಹಿಡಿತ ನೂರಾರು ಮೆಗಾಪಾಸ್ಕಲ್. ಆದರೆ ಆ ಪದರದ ಆಳ ಕೆಲವೇ ಹತ್ತು ಮೈಕ್ರಾನ್. ಮನೆಯ ನುಣುಪು ಟೈಲ್ಸಿನ ಮೇಲೆ ಮೂರು ಸಲ ಬಿದ್ದು ಬದುಕಿದ ಫೋನು ಡಾಂಬರು ರಸ್ತೆಯ ಒಂದು ಚೂಪು ಜಲ್ಲಿಗೆ ಹೋಗುವುದು ಈ ಕಾರಣಕ್ಕೆ.

ಇನ್ನು ಬಿ.ಎಚ್. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಅಂಟಿಸಿಕೊಡುವ ಟೆಂಪರ್ಡ್ ಗ್ಲಾಸಿನ ಪೊಟ್ಟಣದ ಮೇಲೆ ‘9 ಎಚ್’ ಎಂದು ಅಚ್ಚಾಗಿರುತ್ತದಲ್ಲ, ಅದನ್ನು ಕಂಡರೆ ನನಗೆ ನಗು ಬರುತ್ತದೆ. ಕೊಳ್ಳುವವರು ಅದನ್ನು ಖನಿಜಗಳ ಮೋಸ್ ಅಳತೆಯ 9 ಎಂದುಕೊಳ್ಳುತ್ತಾರೆ. ಆ ಅಳತೆಯಲ್ಲಿ ವಜ್ರ 10, ಸಫೈರ್ 9. ಪೊಟ್ಟಣದ ಮೇಲಿನ 9 ಎಚ್ ಪೆನ್ಸಿಲಿನ ಅಳತೆ. 9 ಎಚ್ ಪೆನ್ಸಿಲಿನಿಂದ ಗೀಚಿದರೆ ಗೀರು ಬೀಳುವುದಿಲ್ಲ ಎಂದಷ್ಟೇ ಅರ್ಥ. ಡ್ರಾಯಿಂಗ್ ಮೇಷ್ಟ್ರ ಪೆನ್ಸಿಲಿಗೆ ಸೋಲದ ಗಾಜು ಯಾವುದೂ ಹೆಮ್ಮೆ ಪಡಬೇಕಿಲ್ಲ.

ಹೆಮ್ಮೆ ಪಡಬೇಕಾದದ್ದು ನಮ್ಮ ಧೂಳಿಗೆ ಸೋಲದ ಗಾಜು. ಈ ಸೀಮೆಯ ನೆಲದಡಿ ಇರುವುದು ಗ್ರಾನೈಟು ಮತ್ತು ಅದರ ನಂಟಿನ ನೈಸ್ ಶಿಲೆ. ಅದು ಸವೆದರೂ ಕ್ರಷರಿನಲ್ಲಿ ಅರೆದರೂ ಉಳಿಯುವುದು ಬೆಣಚು, ಮೋಸ್ ಅಳತೆಯಲ್ಲಿ 7. ಮಾಮೂಲಿ ಗಾಜು ಐದೂವರೆ, ಜರ್ಮೇನಿಯಂ 6. ಪ್ಲಾಸ್ಟಿಕ್ಕುಗಳನ್ನು ಕೇಳುವುದೇ ಬೇಡ. ಧೂಳು ಕೂತ ಗಾಜನ್ನು ಒಣಬಟ್ಟೆಯಲ್ಲಿ ಒರೆಸಿದವನು ಅದನ್ನು ಉಜ್ಜುಕಾಗದದಲ್ಲಿ ಉಜ್ಜಿದ ಹಾಗೆಯೇ. ಬೆಣಚಿಗಿಂತ ಗಡಸಾದ ಸಫೈರ್ ಈ ಧೂಳಿಗೆ ಜಗ್ಗುವುದಿಲ್ಲ. ನನ್ನ ಲೆಕ್ಕದಲ್ಲಿ ಸಫೈರಿನ ನಿಜವಾದ ಗುಣ ಇದೇ ಹೊರತು ಅದರ 300 ಮೆಗಾಪಾಸ್ಕಲ್ ಅಲ್ಲ: ಹೊಸದಾಗಿದ್ದಾಗ ಇದ್ದ ಬಲವನ್ನು ಅದು ಹತ್ತು ವರ್ಷದ ಮೇಲೂ ಉಳಿಸಿಕೊಂಡಿರುತ್ತದೆ. ದೋಷಗಳೂ ಇವೆ. ಲೇಪವಿಲ್ಲದಿದ್ದರೆ ಒಂದೊಂದು ಮೈಯಲ್ಲೂ ಶೇ 7ಕ್ಕಿಂತ ಹೆಚ್ಚು ಬೆಳಕನ್ನು ವಾಪಸು ಎಸೆಯುತ್ತದೆ, ಮಾಮೂಲಿ ಗಾಜು ಶೇ 4ರಷ್ಟು. ತೂಕ ಗಾಜಿನ ಒಂದೂವರೆ ಪಟ್ಟು. ಅರೆಯಲು ವಜ್ರದ ಪುಡಿಯೇ ಬೇಕಾದ್ದರಿಂದ ಬೆಲೆಯೂ ಹಾಗೇ. ಕಲ್ಲಿನ ನೆಲಕ್ಕೆ ಅಂಚು ಬಡಿದರೆ ಅದೂ ಹೋಗುತ್ತದೆ. ಗಡಸಾದದ್ದು ಪೆಡಸೂ ಹೌದು.

ಧೂಳಿನ ದೊಡ್ಡ ಪರೀಕ್ಷೆ ನಡೆಯುತ್ತಿರುವುದು ನಮ್ಮ ಜಿಲ್ಲೆಯದೇ ಪಾವಗಡದಲ್ಲಿ. ಸುಮಾರು 13,000 ಎಕರೆಯ, 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎಂದರೆ ಒಂದು ದೃಷ್ಟಿಯಲ್ಲಿ ಬಯಲಿನಲ್ಲಿ ಮಲಗಿಸಿದ ಕಿಟಕಿಗಳ ಊರು. ಇಂಥ ಫಲಕಗಳ ಮೇಲಿನ ಗಾಜು ಸಾಮಾನ್ಯವಾಗಿ 3.2 ಮಿಲಿಮೀಟರಿನ ಟೆಂಪರ್ಡ್, ಬೆಳಕು ನುಂಗದಂತೆ ಕಬ್ಬಿಣದಂಶ ಕಡಿಮೆ ಮಾಡಿದ್ದು. ಆಲಿಕಲ್ಲಿನ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 25 ಮಿಲಿಮೀಟರ್ ಮಂಜುಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಅದಕ್ಕೆ ಹೊಡೆಯುತ್ತಾರೆ. ಆ ಪೆಟ್ಟಿನ ಶಕ್ತಿ ಬರೀ 2 ಜೂಲ್. ಸಫೈರ್ ಇಲ್ಲಿ ಹಾಸ್ಯ. ಅಗ್ಗದ ಗಾಜು, ತಾಳ್ಮೆಯ ತೊಳೆತ, ಇಷ್ಟೇ ದಾರಿ. ನೀರಿಲ್ಲದ ತಾಲ್ಲೂಕಿನಲ್ಲಿ ಗಾಜು ತೊಳೆಯಲು ನೀರು ಎಲ್ಲಿಂದ ಎಂಬುದು ಬೇರೆಯೇ ಲೇಖನಕ್ಕೆ ವಸ್ತು.

ಎರಡು ಜೂಲಿನಿಂದ ಗುಬ್ಬಿಗೆ ಬಂದರೆ ಲೆಕ್ಕ ಸಾವಿರಕ್ಕೆ ಏರುತ್ತದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ಹೆಲಿಕಾಪ್ಟರು ಹಾರುವುದು ಹಕ್ಕಿ ಹಾರುವ ಎತ್ತರದಲ್ಲೇ. ದೊಡ್ಡ ಸಾರಿಗೆ ಹೆಲಿಕಾಪ್ಟರುಗಳು ಪೂರ್ಣ ವೇಗದಲ್ಲಿರುವಾಗ ಒಂದು ಕಿಲೋ ತೂಕದ ಹಕ್ಕಿ ಬಡಿದರೂ ಸುರಕ್ಷಿತವಾಗಿ ಇಳಿಯಬೇಕೆಂದು ಅಮೆರಿಕದ ನಿಯಮ. ಗಂಟೆಗೆ 216 ಕಿಲೋಮೀಟರ್ ವೇಗದಲ್ಲಿ ಆ ಹಕ್ಕಿಯ ಪೆಟ್ಟು 1,800 ಜೂಲ್. ಶಿರಾ ತಾಲ್ಲೂಕಿನ ಕಗ್ಗಲಡಿನ ಮರಗಳಿಗೆ ಬರುವ ಬಣ್ಣದ ಕೊಕ್ಕರೆ ಎರಡರಿಂದ ಮೂರೂವರೆ ಕಿಲೋ ತೂಗುತ್ತದೆ ಎಂಬುದನ್ನು ಇಲ್ಲಿ ನೆನೆದುಕೊಳ್ಳದೆ ಇರಲಾರೆ.

ಇಂಥ ಪೆಟ್ಟಿಗೆ ಗಡಸುತನ ಕೆಲಸಕ್ಕೆ ಬರುವುದಿಲ್ಲ. ಬಾಗಿ, ಜಗ್ಗಿ, ಪೆಟ್ಟನ್ನು ಮೈಯಲ್ಲಿ ಇಂಗಿಸಿಕೊಳ್ಳುವ ಗುಣ ಬೇಕು. ಎಳೆತದ ಬಲದಲ್ಲಿ ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ ಮಾಮೂಲಿ ಗಾಜಿಗಿಂತ ಬಹಳ ಮೇಲೇನಲ್ಲ, 60ರಿಂದ 65 ಮೆಗಾಪಾಸ್ಕಲ್. ಆದರೂ ಸುತ್ತಿಗೆ ಬೀಸಿದರೆ ಒಡೆಯುವುದಿಲ್ಲ, ಏಕೆಂದರೆ ಮುರಿಯುವ ಮುಂಚೆ ಅದು ಬಹಳಷ್ಟು ಹಿಗ್ಗುತ್ತದೆ. ತೂಕವೂ ಗಾಜಿನ ಅರ್ಧಕ್ಕಿಂತ ಕಡಿಮೆ. ಇನ್ನೊಂದು ಆಯ್ಕೆ, ತಯಾರಿಸುವಾಗಲೇ ಎಲ್ಲ ದಿಕ್ಕಿಗೂ ಎಳೆದು ಹಿಗ್ಗಿಸಿದ ಅಕ್ರಿಲಿಕ್. ಅದರಲ್ಲಿ ಬಿರುಕು ಸಲೀಸಾಗಿ ಓಡುವುದಿಲ್ಲ. ಆದರೆ ಪಾಲಿಕಾರ್ಬನೇಟನ್ನು ಯಾರಾದರೂ ಥಿನ್ನರ್ ಅಥವಾ ಪೆಟ್ರೋಲ್ ಹಾಕಿ ಒರೆಸಿದರೆ ಮೈತುಂಬ ಜೇಡರಬಲೆಯಂಥ ಬಿರುಕು ಎದ್ದು ಗುಣವೆಲ್ಲ ಮಣ್ಣುಪಾಲು. ಹೆಲ್ಮೆಟ್ಟಿನ ಮುಂದಿನ ಗಾಜಿಗೂ ಈ ಮಾತು ಸಲ್ಲುತ್ತದೆ.

ಹೆಲಿಕಾಪ್ಟರಿನ ಮೂಗಿನಡಿ ಕೂರಿಸುವ ರಾತ್ರಿ ಕ್ಯಾಮೆರಾದ ಕಿಟಕಿಯದು ಇನ್ನೂ ಕಷ್ಟದ ಬಾಳು. ಮೈಯ ಬಿಸುಪನ್ನು ನೋಡುವ ಕ್ಯಾಮೆರಾಕ್ಕೆ ಬೇಕಾದದ್ದು 8ರಿಂದ 12 ಮೈಕ್ರಾನ್ ಅಲೆಗಳು. ಅವುಗಳ ಮಟ್ಟಿಗೆ ಮಾಮೂಲಿ ಗಾಜು ಗೋಡೆ. ಸಫೈರೂ 5 ಮೈಕ್ರಾನಿನ ಆಸುಪಾಸಿನಲ್ಲೇ ಕೈಚೆಲ್ಲುತ್ತದೆ. ಅಲ್ಲಿಗೆ ಬರುವುದು ಜರ್ಮೇನಿಯಂ. ಕಣ್ಣಿಗೆ ಕಬ್ಬಿಣದ ತಗಡಿನಂತೆ ಕಂಡರೂ ಶಾಖದ ಬೆಳಕಿಗೆ ತಿಳಿನೀರು. ಅದೂ ನೂರು ಡಿಗ್ರಿ ದಾಟಿ ಕಾಯ್ದರೆ ಮಂಕಾಗತೊಡಗುತ್ತದೆ. ಜಿಂಕ್ ಸೆಲೆನೈಡ್ ಆಗಬಹುದು, ಆದರೆ ಬಲು ಮೆದು. ಜಿಂಕ್ ಸಲ್ಫೈಡ್ ಅದಕ್ಕಿಂತ ವಾಸಿ. ಇವುಗಳ ಮೇಲೆ ವಜ್ರದ ಗುಣದ ಇಂಗಾಲದ ತೆಳುಲೇಪ ಕೊಟ್ಟು ಮಳೆಹನಿ, ಮರಳಿನಿಂದ ಕಾಯುತ್ತಾರೆ. ಬಲದ ಪಟ್ಟಿಯಲ್ಲಿ ಮೊದಲಿರುವುದು ಬೆಳಕಿನ ಪಟ್ಟಿಯಲ್ಲೇ ಇಲ್ಲದೆ ಹೋಗುವ ಇಂಥ ಕಡೆ ಹೋಲಿಕೆಗೆ ಅರ್ಥವೇ ಬದಲಾಗುತ್ತದೆ.

ಶಾಖದ ಏಟು ಹಳ್ಳಿಯಲ್ಲಿ ಬೆಳೆದವರಿಗೆ ಹೊಸದಲ್ಲ. ಉರಿಯುವ ಲಾಂದ್ರದ ಗಾಜಿಗೆ ಒಂದು ಹನಿ ನೀರು ಸಿಡಿದರೆ ಟಪ್ಪೆನ್ನುತ್ತಿತ್ತು, ಆಮೇಲೆ ಅಜ್ಜಿಯ ಬೈಗುಳ. ತಣ್ಣಗಾದ ಚುಕ್ಕೆ ಕುಗ್ಗಲು ನೋಡುತ್ತದೆ, ಸುತ್ತಲಿನ ಬಿಸಿಗಾಜು ಬಿಡುವುದಿಲ್ಲ, ನಡುವೆ ಸೀಳು. ಮಾಮೂಲಿ ಗಾಜಿನಲ್ಲಿ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಹತ್ತಿರಹತ್ತಿರ 0.8 ಮೆಗಾಪಾಸ್ಕಲ್ ಎಳೆತ ಹುಟ್ಟುತ್ತದೆ. ಅರವತ್ತು ಡಿಗ್ರಿಗೆ ಅದರ ಕಥೆ ಮುಗಿಯಿತು. ಬೋರೋಸಿಲಿಕೇಟ್ ಇದರ ಮೂರು ಪಟ್ಟು ತಾಳುತ್ತದೆ. ಕ್ಯಾಲ್ಸಿಯಂ ಫ್ಲೋರೈಡು ಇಪ್ಪತ್ತು ಡಿಗ್ರಿಗೇ ಬಿರಿಯಬಹುದು. ಶುದ್ಧ ಸಿಲಿಕಾ ಮಾತ್ರ ಬಿಸಿಗೆ ಹಿಗ್ಗುವುದೇ ಅತ್ಯಲ್ಪವಾದ್ದರಿಂದ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೂ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಬಲದ ಕೋಷ್ಟಕದಲ್ಲಿ ಕೆಳಗಿದ್ದ ಸಿಲಿಕಾ ಅಮೆರಿಕದ ಬಾಹ್ಯಾಕಾಶ ಷಟಲಿನ ಹೊರಗಿನ ಕಿಟಕಿಗೆ ಆಯ್ಕೆಯಾದದ್ದು ಹೀಗೆ. ಗಾಳಿಯ ಒತ್ತಡ ತಡೆಯುವ ಕೆಲಸ ಒಳಗಿನ ಟೆಂಪರ್ಡ್ ಗಾಜಿಗೆ, ಉರಿ ತಡೆಯುವುದು ಹೊರಗಿನದಕ್ಕೆ. 1983ರ ಒಂದು ಯಾನದಲ್ಲಿ ಬಣ್ಣದ ಚಕ್ಕೆಯೊಂದು ಬಡಿದು ಹೊರಗಾಜಿನಲ್ಲಿ ಸುಮಾರು 4 ಮಿಲಿಮೀಟರಿನ ಗುಳಿ ಬಿತ್ತು. ಆ ಗಾಜನ್ನು ಬದಲಾಯಿಸಿದರು.

ಕೆಲಸ ಹಂಚುವ ಈ ಉಪಾಯ ನನಗೆ ಚೆನ್ನಾಗಿ ಅರ್ಥವಾದದ್ದು ಕೋರ ಹೋಬಳಿಯದೇ ವಸಂತನರಸಾಪುರದಲ್ಲಿ, ತಗಡು ಕತ್ತರಿಸುವ ಲೇಸರ್ ಯಂತ್ರದ ಮುಂದೆ. ಯಂತ್ರದ ತಲೆಯೊಳಗೆ ಬೆಲೆಬಾಳುವ ಲೆನ್ಸು, ಅದರ ಕೆಳಗೆ ಡ್ರಾಯರಿನಂತೆ ಎಳೆದು ತೆಗೆಯುವ ಒಂದು ಸಿಲಿಕಾ ಬಿಲ್ಲೆ. ಅಲ್ಲಿನ ಹುಡುಗರು ‘ಪ್ರೊಟೆಕ್ಷನ್ ಗ್ಲಾಸು’ ಅನ್ನುತ್ತಾರೆ. ಕರಗಿದ ಕಬ್ಬಿಣದ ಕಿಡಿ ಸಿಡಿಯುವುದು ಅದರ ಮೇಲೆ. ಒಂದು ಧೂಳಿನ ಕಣ ಕೂತರೂ ಅದು ಲೇಸರಿನ ಶಾಖ ಹೀರಿ ಅಲ್ಲೇ ಲೇಪ ಸುಟ್ಟು ಕಪ್ಪು ಚುಕ್ಕೆ. ಬಿಟ್ಟರೆ ಬಿಲ್ಲೆ ಸೀಳುತ್ತದೆ. ಆ ಬಿಲ್ಲೆ ಇರುವುದೇ ಹಾಳಾಗಲಿಕ್ಕೆ. ಸಂಜೆ ಯಂತ್ರ ನಿಲ್ಲಿಸಿದ ಹುಡುಗ ಅದನ್ನು ಹೊರತೆಗೆದು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ, ತಲೆಯಾಡಿಸಿ ಡಬ್ಬಕ್ಕೆ ಎಸೆದ. ಅಂಗಡಿಯ ಯಜಮಾನರಿಗೆ ಹೊಟ್ಟೆ ಉರಿದದ್ದು ಮುಖದಲ್ಲೇ ಕಂಡಿತು, ಆದರೆ ಏನೂ ಅನ್ನಲಿಲ್ಲ. ಹಿಂದೊಮ್ಮೆ ಒಂದು ವಾರ ಜಿಪುಣತನ ಮಾಡಿ ಲೆನ್ಸನ್ನೇ ಸುಟ್ಟುಕೊಂಡಿದ್ದರಂತೆ.

ಆ ಕಾಲದ ಎಚ್‌ಎಂಟಿ ಹಾಳಾಗುವ ಕೆಲಸವನ್ನು ಅಗ್ಗದ ಗಾಜಿಗೆ ಒಪ್ಪಿಸುವ ಈ ಉಪಾಯವನ್ನು ವಾಚಿನಲ್ಲೇ ಮಾಡಿತ್ತು. ತುಮಕೂರಿನ ವಾಚ್ ಕಾರ್ಖಾನೆ 1978ರದು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು, ಆಮೇಲೆ ಆ ಜಾಗ ಇಸ್ರೋಗೆ ಹೋಯಿತು. ಜನತಾ, ಪೈಲಟ್‌ನಂಥ ಕೀಲಿಯ ವಾಚುಗಳಿಗೆ ಇದ್ದದ್ದು ಅಕ್ರಿಲಿಕ್ ‘ಗಾಜು’. ಗೀರು ಬಿದ್ದೇ ಬೀಳುತ್ತಿತ್ತು. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಮತ್ತೆ ಹೊಳೆಯುತ್ತಿತ್ತು. ಸೈಕಲ್ಲಿನಿಂದ ಬಿದ್ದರೂ ಚೂರಾಗಿ ಮುಳ್ಳುಗಳ ನಡುವೆ ಸೇರುತ್ತಿರಲಿಲ್ಲ. ಅತಿಯಾದಾಗ ರಿಪೇರಿಯವರು ಹಳೆಯದನ್ನು ಎಬ್ಬಿಸಿ ಹೊಸದನ್ನು ಒತ್ತಿ ಕೂರಿಸಿ ಕೊಡುತ್ತಿದ್ದರು. ಅಪ್ಪನ ಪೈಲಟ್ ಈಗ ನನ್ನ ಕೈಯಲ್ಲಿದೆ. ಇದು ಅದರ ನಾಲ್ಕನೆಯ ಗಾಜು. ಮುಳ್ಳುಗಳು ಮೊದಲಿನವೇ.